ಅಪ್ಪನ ಬಿಲ್ಲಿಗೆ ಐದು ಕಾರ್ಬನ್ ಬಾಣ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಬಾಣಗಳ ವಿಷಯವೆಲ್ಲ ಡೈರಿಯಲ್ಲಿದೆ. ಯಾವ ಬಾಣದ ಮೂತಿಗೆ ಎಷ್ಟು ತೂಕ ತುಂಬಿದೆ, ಯಾವ ಭಾನುವಾರ ಗಾಳಿ ಇತ್ತು, ಎಲ್ಲ ಬರೆದಿಟ್ಟಿದ್ದೇನೆ. ಆದರೆ ಹೂಗ್ಯಂನ ಮನೆಯಲ್ಲಿ ನನ್ನ ಎಡಗೈಗೆ ಸುತ್ತಿದ್ದ ಬಟ್ಟೆ ಹಸಿರಿತ್ತೋ ನೀಲಿ ಇತ್ತೋ, ಅದನ್ನು ಎಷ್ಟು ದಿನ ಕಟ್ಟಿದ್ದರೋ ಎಲ್ಲೂ ಬರೆದಿಲ್ಲ. ಆಗ ನನಗೆ ನಾಲ್ಕು ವರ್ಷವೋ ಐದೋ. ಬೆರಳುಗಳೆಲ್ಲ ಒಳಗೆ ಸೇರಿ ಕೈ ಒಂದು ಗಂಟಿನ ಹಾಗಿತ್ತು. ಆ ಗಂಟನ್ನು ಬೀಸಿ ಅಂಗಳದ ಕೋಳಿಗಳನ್ನು ಓಡಿಸುತ್ತಿದ್ದೆ. ಒಲೆಯ ಕೆಂಡ ಹಿಡಿದುಕೊಂಡು ಕೈ ಸುಟ್ಟುಕೊಂಡಿದ್ದೆ, ಅದಕ್ಕೇ ಬಟ್ಟೆ ಕಟ್ಟಿದ್ದು ಎಂದು ದೊಡ್ಡವ್ವ ಆಮೇಲೆ ಹೇಳುತ್ತಿದ್ದಳು. ಬಟ್ಟೆ ನೆನಪಿದೆ, ಕೋಳಿ ನೆನಪಿವೆ. ಉರಿ ನೆನಪಿಲ್ಲ.

ದೊಡ್ಡವ್ವ ಎಂದರೆ ಅಪ್ಪನ ಅಣ್ಣನ ಹೆಂಡತಿ. ಅಮ್ಮ ಎರಡನೇ ಹೆರಿಗೆಯಲ್ಲಿ ತೀರಿಕೊಂಡಳು, ಹುಟ್ಟಿದ ಗಂಡುಮಗುವೂ ಉಳಿಯಲಿಲ್ಲ. ಅಪ್ಪ ಯಳಂದೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಹದಿನೈದು ದಿನಕ್ಕೊಮ್ಮೆ ಹೂಗ್ಯಂಗೆ ಬರುತ್ತಿದ್ದ. ನಾನು ಶಾಲೆಗೆ ಸೇರುವವರೆಗೂ ದೊಡ್ಡವ್ವನ ಹತ್ತಿರವೇ ಬೆಳೆದೆ.

ಹೂಗ್ಯಂ ಕಾಡಂಚಿನ ಊರು. ರಾಗಿ ತೆನೆ ಬಿಟ್ಟರೆ ಹಂದಿ, ಜೋಳ ಹಾಲುಗಟ್ಟಿದರೆ ಗಿಳಿ. ಹೊಲ ಕಾಯುವವರ ಕೈಯಲ್ಲಿ ತಮಟೆಯ ಜೊತೆ ಬಿದಿರಿನ ಬಿಲ್ಲೂ ಇರುತ್ತಿತ್ತು. ಗಿಳಿಗಳನ್ನು ಅಲ್ಲಿ ಅರ್ಧ ಜನ ಕನ್ನಡದಲ್ಲಿ, ಅರ್ಧ ಜನ ತಮಿಳಿನಲ್ಲಿ ಬೈಯುತ್ತಿದ್ದರು. ಅಪ್ಪ ಹುಡುಗನಾಗಿದ್ದಾಗಿನಿಂದ ಬಿಲ್ಲು ಮಾಡುತ್ತಿದ್ದನಂತೆ. ನಾನು ಕಂಡಿದ್ದು ಒಂದೇ ಬಿಲ್ಲು. ಅದು ದೊಡ್ಡವರ ಬಿಲ್ಲು, ನನಗಿಂತ ಎತ್ತರವಿತ್ತು. ನಡುವೆ ಒಂದು ಪಕ್ಕದಲ್ಲಿ ಬಾಣ ಒತ್ತಿ ಹೋಗುವ ಜಾಗವನ್ನು ಹೆಬ್ಬೆರಳಿನಷ್ಟು ಅಗಲಕ್ಕೆ ಕೆತ್ತಿ ತಗ್ಗು ಮಾಡಿದ್ದ.

ನನಗೆ ಆರು ತುಂಬಿದಾಗ ಅಪ್ಪ ಯಳಂದೂರಿಗೆ ಕರೆದುಕೊಂಡು ಹೋಗಲು ಬಂದ. ಚಾಪೆ, ಪಾತ್ರೆ, ಟ್ರಂಕು ಕಟ್ಟಿ, ಕೊನೆಗೆ ಬಿಲ್ಲನ್ನೂ ಚಾಪೆಯ ಒಳಗೆ ಸುತ್ತುತ್ತಿದ್ದ. ಚಾಪೆಯಿಂದ ಆಚೆ ಬಂದಿದ್ದ ತುದಿಯನ್ನು ನಾನು ಹಿಡಿದುಕೊಂಡೆ.

"ಮುಟ್ಬ್ಯಾಡ ಕೂಸೆ," ಎಂದಳು ದೊಡ್ಡವ್ವ. "ಅದು ಹುಟ್ಟೋ ಗಂಡ್ ಮಗೀಗೆ ಅಂತ ನಿಮ್ಮಪ್ಪ ಮಾಡುದ್ದು. ಆ ಮಗ ಉಳೀನಿಲ್ಲ, ಬಿಲ್ಲಾದ್ರೂ ಇರ್ಲಿ."

ಅಪ್ಪ ಹಗ್ಗದ ಗಂಟು ಬಿಗಿಯುತ್ತಿದ್ದ. ಕೇಳಿಸಿತೋ ಇಲ್ಲವೋ, ಅದರ ಮೇಲೆ ಇನ್ನೊಂದು ಗಂಟು ಹಾಕಿದ. ಅಂದಿನಿಂದ ಅದು ನನ್ನ ಪಾಲಿಗೆ ತಮ್ಮನ ಬಿಲ್ಲಾಯಿತು.

ಯಳಂದೂರಿನ ಬಾಡಿಗೆ ಮನೆಯಲ್ಲಿ ಬಿಲ್ಲು ಗೋಡೆಯ ಎರಡು ಮೊಳೆಯ ಮೇಲೆ ನೆಟ್ಟಗೆ ನಿಂತಿತ್ತು. ಅಪ್ಪ ಅದನ್ನು ಹೊಡೆದದ್ದನ್ನು ನಾನು ನೋಡಲೇ ಇಲ್ಲ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಕೆಳಗಿಳಿಸಿ, ಹರಳೆಣ್ಣೆ ಸವರಿ, ಸೈಕಲ್ಲು, ಪೆನ್ನು, ಅಡಿಕೋಲು, ಈಳಿಗೆಮಣೆಯ ಸಾಲಿನಲ್ಲಿ ಇಟ್ಟು ಕುಂಕುಮ ಹಚ್ಚುತ್ತಿದ್ದ. ಒಂದು ಸಲ ಪೂಜೆಯ ಮಾರನೆ ದಿನ ನಾನೇ ಅದನ್ನು ಒರೆಸಿ ಗೋಡೆಗೆ ಸಿಕ್ಕಿಸಿದೆ. ಸಂಜೆ ಅಪ್ಪ ಬಂದವನು ಚಪ್ಪಲಿ ಬಿಡುವ ಮೊದಲೇ ಬಿಲ್ಲನ್ನು ತೆಗೆದು, ತಲೆಕೆಳಗು ಮಾಡಿ, ಮತ್ತೆ ಸಿಕ್ಕಿಸಿದ. ನಾನು ಬೈಗುಳಕ್ಕೆ ಕಾದೆ. ಅವನು ಕೈಕಾಲು ತೊಳೆಯಲು ಹೋದ. ಇದು ನಿಜವಾಗಿ ನಡೆಯಿತೇ, ಅಥವಾ ಆಮೇಲೆ ಗೊತ್ತಾದದ್ದನ್ನು ಆಧರಿಸಿ ನಾನೇ ಕಟ್ಟಿಕೊಂಡೆನೇ ಎಂದು ಹಲವು ಸಲ ಕೇಳಿಕೊಂಡಿದ್ದೇನೆ. ಚಪ್ಪಲಿ ಬಿಡುವ ಮೊದಲು ಎಂಬ ವಿವರ ನನಗೆ ಅನುಮಾನ ಹುಟ್ಟಿಸುತ್ತದೆ. ಅಪ್ಪ ಚಪ್ಪಲಿ ಹಾಕಿಕೊಂಡು ಒಳಗೆ ಬರುವವನಲ್ಲ.

ನಾವಿಬ್ಬರೇ ಇದ್ದ ಆ ಮನೆಯಲ್ಲಿ ಮಾತು ಬಹಳ ಕಡಿಮೆ. ಊಟ ಆಯ್ತಾ, ಆಯ್ತು. ಫೀಸು ಕಟ್ಟಿದೆಯಾ, ಕಟ್ಟಿದೆ. ತಮ್ಮ ಉಳಿದಿದ್ದರೆ ಅಪ್ಪ ಹೆಚ್ಚು ಮಾತಾಡುತ್ತಿದ್ದನೇನೋ ಎಂದು ನಾನು ಆ ಬಿಲ್ಲಿನ ಎದುರು ಕೂತು ಓದುವಾಗ ಯೋಚಿಸುತ್ತಿದ್ದೆ. ಹೀಗೆ ಯೋಚಿಸುತ್ತಲೇ ಹೈಸ್ಕೂಲು ಮುಗಿಯಿತು. ಮುಂದಿನ ಓದೆಲ್ಲ ಹಾಸ್ಟೆಲುಗಳಲ್ಲಿ.

ಎಂಬತ್ತರ ದಶಕದ ನಡುವೆ ಎಂ.ಎ. ಓದಲು ಮೈಸೂರಿಗೆ ಹೋದೆ. ಅಲ್ಲಿ ಹುಡುಗಿಯರಿಗೆ ಬಿಲ್ಲುಗಾರಿಕೆ ಕಲಿಸುತ್ತಿದ್ದರು. ನಮ್ಮನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸಿ, ಎಡಗೈಯಲ್ಲಿ ಬಿಲ್ಲು ಹಿಡಿದು ಬಲಗೈಯಲ್ಲಿ ಹೆದೆ ಎಳೆಯಿರಿ ಎಂದರು. ಎಳೆದೆವು. ನನ್ನ ಗುರಿ ಸಾಧಾರಣ. ಆದರೂ ಅಪ್ಪನಿಗೆ ಖುಷಿಯಾಗಲಿ ಎಂದು ಕಾಗದ ಬರೆದೆ. ಅವನ ಉತ್ತರ ಒಂದು ಕಾರ್ಡು. ಅಕ್ಕಿ ಕಳಿಸಿದ್ದು, ಮನೆಗೆ ಸುಣ್ಣ ಹೊಡೆಸಿದ್ದು ಬರೆದು, ಕೊನೆಯಲ್ಲಿ "ಬಿಲ್ಲನ್ನು ಯಾವ ಕೈಯಲ್ಲಿ ಹಿಡಿಯುತ್ತೀ?" ಎಂದು ಕೇಳಿದ್ದ. ಎಲ್ಲರ ಹಾಗೆ ಎಡಗೈಯಲ್ಲಿ ಎಂದು ಬರೆದೆ. ಅಷ್ಟೂ ತಿಳಿಯದೆ ಕೇಳಿದನಲ್ಲ ಎಂದು ಹಾಸ್ಟೆಲಿನಲ್ಲಿ ನಕ್ಕಿದ್ದೂ ಇರಬಹುದು. ಅಪ್ಪ ಮತ್ತೆ ಬಿಲ್ಲಿನ ಮಾತೆತ್ತಲಿಲ್ಲ. ಆ ಕಾರ್ಡು ಈಗ ನನ್ನ ಹತ್ತಿರ ಇಲ್ಲ. ಇದ್ದಿದ್ದರೆ ಕೇಳಿದ್ದು ನಿಜವಾಗಿ ಅದೇ ಮಾತೇ ಎಂದು ನೋಡಬಹುದಿತ್ತು.

ಓದು ಮುಗಿದು ನನಗೆ ಕೊಳ್ಳೇಗಾಲದ ಒಂದು ಕಾಲೇಜಿನಲ್ಲಿ ಚರಿತ್ರೆ ಕಲಿಸುವ ಕೆಲಸ ಸಿಕ್ಕಿತು. ಅಪ್ಪ ಯಳಂದೂರು ಬಿಟ್ಟು ಬರಲಿಲ್ಲ. ನಿವೃತ್ತನಾಗುವ ಮೊದಲೇ ತೀರಿಕೊಂಡ. ಮನೆ ಖಾಲಿ ಮಾಡಿದ ದಿನ ಬಿಲ್ಲನ್ನು ಬಸ್ಸಿನ ಮೇಲೆ ಹಾಕಲು ಮನಸ್ಸಾಗದೆ ಕೈಯಲ್ಲೇ ಹಿಡಿದು ತಂದೆ. ಕಂಡಕ್ಟರು, "ಇದಕ್ಕೂ ಟಿಕೆಟ್ ಹರೀಬೇಕಾ ಮೇಡಂ?" ಎಂದ. ಬಸ್ಸಿನವರೆಲ್ಲ ನಕ್ಕರು.

ಕೊಳ್ಳೇಗಾಲದಲ್ಲಿ ನಾನಿದ್ದದ್ದು ಊರಂಚಿನ ಒಂದು ಮಹಡಿ ಮನೆಯಲ್ಲಿ. ಕೆಳಗೆ ಮನೆಯ ಯಜಮಾನಿ ರೇಷ್ಮೆ ದಾರ ಹುರಿ ಮಾಡಿಸುತ್ತಿದ್ದರು. ಬೆಳಗಿನಿಂದ ಕರೆಂಟು ಹೋಗುವವರೆಗೆ ಯಂತ್ರದ ಸದ್ದು. ಹಿಂದೆ ಒಂದು ಉದ್ದನೆಯ ಖಾಲಿ ಜಾಗ, ಅದರಾಚೆ ಹಿಪ್ಪುನೇರಳೆ ತೋಟ. ಭತ್ತದ ಹುಲ್ಲು ಗಟ್ಟಿಯಾಗಿ ತುಂಬಿದ ಎರಡು ಗೋಣಿಚೀಲಗಳನ್ನು ಹಿಂದಿನ ಗೋಡೆಗೆ ಆನಿಸಿ, ಭಾನುವಾರಗಳಲ್ಲಿ ನಾನು ಅಪ್ಪನ ಬಿಲ್ಲು ಹೊಡೆಯಲು ಶುರುಮಾಡಿದೆ. ಹಿಡಿಗೆ ಸುತ್ತಿದ್ದ ಚರ್ಮ ಕೊಳೆತು ಉದುರಿಹೋಗಿತ್ತು. ಮೇಲೆ ಯಾವುದು ಕೆಳಗೆ ಯಾವುದು ಎಂದು ಗುರುತಿರಲಿಲ್ಲ. ಬಲಗೈಯಲ್ಲಿ ಎಳೆಯುವವರಿಗೆ ಬಾಣ ಬಿಲ್ಲಿನ ಎಡಪಕ್ಕದಲ್ಲಿ ಕೂರಬೇಕು. ಹಾಗಾಗಿ ಕೆತ್ತಿದ ತಗ್ಗು ಎಡಕ್ಕೆ ಬರುವ ಹಾಗೆ ಬಿಲ್ಲನ್ನು ತಿರುಗಿಸಿಕೊಂಡು, ತಗ್ಗಿನ ಕೆಳಗೆ ಹೊಸ ಚರ್ಮ ಸುತ್ತಿದೆ. ಇದು ಎಷ್ಟು ಸಹಜವಾಗಿ ತೋರಿತು ಎಂದರೆ ಡೈರಿಯಲ್ಲಿ ಒಂದು ಸಾಲೂ ಬರೆಯಲಿಲ್ಲ.

ಬಿದಿರಿನ ಬಾಣಗಳನ್ನೇ ಹೊಡೆಯುತ್ತಿದ್ದೆ. ಅವು ಒಂದೊಂದೂ ಒಂದೊಂದು ದಿಕ್ಕಿಗೆ ಹೋಗುತ್ತಿದ್ದವು. ಬಿದಿರು ಅಲ್ಲವೇ, ಒಂದರ ಗಿಣ್ಣು ದಪ್ಪ, ಒಂದರ ಬೆನ್ನು ಸೊಟ್ಟ. ತಪ್ಪನ್ನು ಬಾಣಗಳ ಮೇಲೆ ಹಾಕಿ ಮಹಡಿ ಹತ್ತುತ್ತಿದ್ದೆ. ತಮ್ಮನಿಗೆಂದು ಮಾಡಿದ ಬಿಲ್ಲು ನನಗೆ ಒಗ್ಗದಿರುವುದೂ ಸರಿಯೇ ಎಂದು ಒಳಗೊಳಗೆ ಅನ್ನಿಸುತ್ತಿತ್ತು. ಎಂಟು ವರ್ಷ ಹೀಗೇ ನಡೆಯಿತು.

ಮನೆಯ ಯಜಮಾನಿ ಕಿಟಕಿಯಿಂದ ನೋಡುತ್ತಿದ್ದರು. "ಮೇಡಮ್ಮೋರೆ, ನಿಮ್ಮ ನೋಡಕೆ ಗಂಡು ಬಂದ್ರೆ ಬಾಣ ಬುಟ್ಬುಡ್ತಾರೆ ಅಂತವ್ರೆ ಬೀದಿಯೋರು," ಎಂದರು ಒಂದು ದಿನ.

"ಬರೋರೇ ಇಲ್ವಲ್ಲಮ್ಮ, ಯಾರಿಗ್ ಬಿಡ್ಲಿ?"

"ಬಂದ್ರೂ ಭಯವಿಲ್ಲ ಬುಡಿ. ನಾನೂ ನೋಡ್ತಾನೇ ಇವ್ನಿ, ಒಂದೂ ತಾಕಕಿಲ್ಲ."

ದೊಡ್ಡವ್ವನ ಮಗ ಸೈನ್ಯದಲ್ಲಿದ್ದಾನೆ, ನನಗಿಂತ ಎಂಟು ವರ್ಷ ಚಿಕ್ಕವನು. ಎರಡು ಸಾವಿರದ ಎರಡರಲ್ಲೋ ಅದರ ಹಿಂದಿನ ವರ್ಷವೋ ರಜೆಗೆ ಬಂದಾಗ, ಸುತ್ತಿದ ಕ್ಯಾನ್ವಾಸಿನಲ್ಲಿ ಹನ್ನೆರಡು ಕಪ್ಪು ಬಾಣ ತಂದುಕೊಟ್ಟ. ಅವನ ಕ್ಯಾಂಪಿನಲ್ಲಿ ಬಿಲ್ಲುಗಾರಿಕೆ ಅಭ್ಯಾಸ ಮಾಡುವವರು ಬೇಡವೆಂದು ಪಕ್ಕಕ್ಕಿಟ್ಟ ಹಳೆಯ ಕಾರ್ಬನ್ ಬಾಣಗಳು. ನಾನು ಅಂಥವನ್ನು ಮುಟ್ಟಿ ನೋಡಿದ್ದೇ ಅವತ್ತು. ಪೆನ್ಸಿಲಿಗಿಂತ ತೆಳ್ಳಗೆ, ಹಗುರ, ಒಳಗೆ ಟೊಳ್ಳು.

"ಬಿಡೋಕ್ ಮುಂಚೆ ಒಂದೊಂದ್ನೂ ಬಗ್ಗುಸ್ ನೋಡಕ್ಕ," ಎಂದ. "ಚಿಟ್ ಅಂದ್ರೆ ಮುರ್ದು ಬಿಸಾಕು. ಸೀಳಿರದ್ನ ಬುಟ್ರೆ ಸಿಬ್ರೆಲ್ಲ ಕೈಯೊಳಕ್ಕೇ ಓಯ್ತದೆ."

ಆ ಭಾನುವಾರ ಹನ್ನೆರಡನ್ನೂ ಕಿವಿಯ ಹತ್ತಿರ ಹಿಡಿದು ಬಗ್ಗಿಸಿದೆ. ಮೂರು ಚಿಟ್ ಎಂದವು. ಉಳಿದ ಒಂಬತ್ತನ್ನು ಕಪಾಟಿನ ಗಾಜಿನ ಮೇಲೆ ಉರುಳಿಸಿದೆ. ಒಂದು ಕುಂಟುತ್ತಾ ಉರುಳಿತು, ಅದನ್ನೂ ಬಿಟ್ಟೆ. ಎಂಟು ಉಳಿದವು.

ಆಮೇಲೆ ಆಯ್ಕೆ. ಬಾಣ ಬಿಲ್ಲಿನ ಪಕ್ಕವನ್ನು ಒತ್ತಿಕೊಂಡು ಹೊರಡುವಾಗ ಮೀನಿನ ಹಾಗೆ ಬಳುಕಿ ಬಿಲ್ಲನ್ನು ದಾಟಿಕೊಳ್ಳುತ್ತದೆ. ತೀರ ಗಡುಸಾದ ಬಾಣ ಬಳುಕದೆ ಎಡಕ್ಕೆ ಸಿಡಿಯುತ್ತದೆ, ತೀರ ಮೆತ್ತಗಿನದು ಬಲಕ್ಕೆ ಬೀಳುತ್ತದೆ. ಬಲವಾದ ಬಿಲ್ಲಿಗೆ ಗಡುಸು ಬಾಣ, ಮೆದು ಬಿಲ್ಲಿಗೆ ಮೆದು ಬಾಣ. ಇದನ್ನು ಮೈಸೂರಿನಲ್ಲಿ ಕಲಿತಿದ್ದೆ. ಎಷ್ಟು ಗಡುಸು ಎಂದು ಹೇಳುವ, ಬಾಣದ ಮೇಲಿನ ಅಂಕಿಗಳು ಅರ್ಧ ಅಳಿಸಿಹೋಗಿದ್ದವು. ಎರಡು ಕುರ್ಚಿಗಳ ಬೆನ್ನಿನ ಮೇಲೆ ಒಂದೊಂದೇ ಬಾಣ ಅಡ್ಡ ಇಟ್ಟು, ಕೆಳಮನೆಯಿಂದ ರೇಷ್ಮೆ ತೂಗುವ ಒಂದು ಕಿಲೋ ಕಲ್ಲು ತಂದು ನಡುಮಧ್ಯೆ ತೂಗುಹಾಕಿ, ಎಷ್ಟು ಬಗ್ಗುತ್ತದೆ ಎಂದು ಅಡಿಕೋಲಿನಲ್ಲಿ ಅಳೆದೆ. ಅಪ್ಪ ಪೂಜೆಗೆ ಇಡುತ್ತಿದ್ದ ಅಡಿಕೋಲು ಅದು. ಮೂರು ಬಾಣ ಬಗ್ಗಲೇ ಇಲ್ಲ ಎನ್ನಬೇಕು. ಉಳಿದ ಐದು ಕೂದಲೆಳೆಯ ವ್ಯತ್ಯಾಸವೂ ಇಲ್ಲದೆ ಒಂದೇ ಸಮ ಬಗ್ಗಿದವು. ಐದು ಒಂದೇ ಥರದ ಬಾಣಗಳು ನನ್ನ ಕೈಗೆ ಬಂದದ್ದು ಅದೇ ಮೊದಲು.

ಅವುಗಳ ಪ್ಲಾಸ್ಟಿಕ್ ಗರಿ ಕಿತ್ತೆ. ಬಾಣ ಕೂರಲು ಮೆಟ್ಟಿಲಿಲ್ಲದ ಇಂಥ ಬಿಲ್ಲಿನಲ್ಲಿ ಬಾಣ ಬೆರಳ ಗೆಣ್ಣಿನ ಮೇಲೇ ಜಾರಿಹೋಗುತ್ತದೆ. ಪ್ಲಾಸ್ಟಿಕ್ಕಾದರೆ ಬಡಿದು ದಿಕ್ಕು ಕೆಡಿಸುತ್ತದೆ, ಹಕ್ಕಿಯ ಗರಿಯಾದರೆ ಮಡಿಸಿಕೊಂಡು ದಾಟುತ್ತದೆ. ಊರಿನಲ್ಲಿ ಒಬ್ಬರು ಟರ್ಕಿ ಕೋಳಿ ಸಾಕಿದ್ದರು, ಉದುರಿದ ಗರಿಗಳನ್ನು ಒಂದು ಚೀಲ ಕೊಟ್ಟರು. ಒಂದು ಬಾಣಕ್ಕೆ ಒಂದೇ ಕಡೆಯ ರೆಕ್ಕೆಯ ಗರಿಗಳಿರಬೇಕು. ಎಡರೆಕ್ಕೆ ಬಲರೆಕ್ಕೆ ಬೆರೆಸಿದರೆ ಬಾಣ ಸರಿಯಾಗಿ ಸುತ್ತುವುದಿಲ್ಲ. ಗರಿ ಅಂಟಿಸಿ, ಎರಡೂ ಕೊನೆಗೆ ರೇಷ್ಮೆ ದಾರ ಸುತ್ತಿದೆ. ಕೆಂಪು ದಾರ ಕೊಟ್ಟದ್ದು ಮನೆಯ ಯಜಮಾನಿ. "ಸೀರೆ ನೇಯೋ ದಾರ ಬಾಣಕ್ಕೆ ಉಡಿಸ್ತೀರಲ್ಲ, ನೀವ್ ಯಾವಾಗ ಉಡೋದು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದರು. ನಾಲ್ಕು ಬಾಣಕ್ಕೆ ಗರಿ ಕಟ್ಟಿ ಐದನೆಯದನ್ನು ಬೋಳಾಗಿ ಬಿಟ್ಟೆ. ಗರಿ ಇದ್ದರೆ ಅದು ಬಾಣದ ತಪ್ಪನ್ನು ದಾರಿಯಲ್ಲೇ ತಿದ್ದಿಬಿಡುತ್ತದೆ. ಬೋಳು ಬಾಣ ತಪ್ಪನ್ನು ಹೊರಟ ಹಾಗೇ ಗುರಿಗೆ ಒಯ್ದು ತೋರಿಸುತ್ತದೆ.

ಮೊದಲ ದಿನ ಐದೂ ಎಡಕ್ಕೆ ಹೋದವು. ಗಡುಸು ಎಂದಾಯಿತು. ಬಾಣದ ಮುಂದೆ ತೂಕ ಹೆಚ್ಚಾದರೆ ಅದು ಹೆಚ್ಚು ಬಳುಕುತ್ತದೆ. ಅದಕ್ಕೆ ಮೊನೆ ಬಿಚ್ಚಿ, ತಲೆ ಕತ್ತರಿಸಿದ ಮೊಳೆಯ ತುಂಡುಗಳನ್ನು ಒಳಗೆ ಸೇರಿಸಿದೆ. ಮೊದಲು ಅರ್ಧ ಇಂಚು, ಆಮೇಲೆ ಮುಕ್ಕಾಲು, ಆಮೇಲೆ ಒಂದು. ಪ್ರತಿ ಭಾನುವಾರ ಬೋಳು ಬಾಣ ಗರಿಯ ಬಾಣಗಳಿಗೆ ಒಂದೊಂದು ಗೇಣು ಹತ್ತಿರ ಬಂತು. ಆರನೇ ವಾರಕ್ಕೆ ಎಡ ಬಲದ ತಕರಾರು ಮುಗಿಯಿತು.

ಮೇಲೆ ಕೆಳಗಿನ ತಕರಾರು ಮುಗಿಯಲಿಲ್ಲ. ಬೋಳು ಬಾಣ ಚೀಲಕ್ಕೆ ನೆಟ್ಟಾಗ ಅದರ ಬಾಲ ಒಂದು ಸಲ ಆಕಾಶ ನೋಡುತ್ತಿತ್ತು, ಇನ್ನೊಂದು ಸಲ ನೆಲ ನೋಡುತ್ತಿತ್ತು. ಹೆದೆಯ ಮೇಲೆ ಬಾಣ ಕಚ್ಚಿಸುವ ಜಾಗಕ್ಕೆ ಗುರುತಿಗೆ ದಾರ ಸುತ್ತಿರುತ್ತೇವೆ. ಅದನ್ನು ಏರಿಸಿದೆ, ಇಳಿಸಿದೆ. ಹೆದೆಗೆ ಹುರಿ ಕೊಟ್ಟು ಗಿಡ್ಡ ಮಾಡಿದೆ, ಬಿಚ್ಚಿ ಉದ್ದ ಮಾಡಿದೆ. ಬಿಟ್ಟ ಕೂಡಲೇ ಬಿಲ್ಲು ಮುಂಗೈಗೆ ಒದೆಯುತ್ತಿತ್ತು. ಹಿಂದೆಯೂ ಒದೆಯುತ್ತಿತ್ತು, ಆಗ ಅದು ಬಿಲ್ಲಿನ ಸ್ವಭಾವ ಎಂದುಕೊಂಡಿದ್ದೆ. ಈಗ ಐದು ಬಾಣಗಳೂ ಒಂದೇ. ಬಾಣದ ಮೇಲೆ ತಪ್ಪು ಹೊರಿಸಿ ಮಹಡಿ ಹತ್ತುವ ಅನುಕೂಲ ಇರಲಿಲ್ಲ. ತಪ್ಪು ಬಿಲ್ಲಿನದು, ಇಲ್ಲವೇ ನನ್ನದು. ಆ ತಿಂಗಳುಗಳ ಡೈರಿಯಲ್ಲಿ ಒಂದು ಕಡೆ, "ಅದು ನಿನ್ನದಲ್ಲ, ಬಿಟ್ಟುಬಿಡು" ಎಂದು ಬರೆದುಕೊಂಡಿದ್ದೇನೆ. ನನ್ನದೇ ಕೈಬರಹ. ಯಾರಿಗೆ ಹೇಳಿಕೊಂಡೆನೋ, ಹೇಳಿಕೊಳ್ಳಲು ನನ್ನನ್ನು ಬಿಟ್ಟು ಇನ್ನೊಬ್ಬರು ಮನೆಯಲ್ಲಿರಲಿಲ್ಲ.

ಮುಂದಿನ ರಜೆಗೆ ದೊಡ್ಡವ್ವನ ಮಗ ಮತ್ತೆ ಬಂದ. ಮಹಡಿಯಲ್ಲಿ ಕಾಫಿ ಕುಡಿಯುತ್ತಾ, ಮೂಲೆಯಲ್ಲಿ ನಿಂತಿದ್ದ ಬಿಲ್ಲನ್ನು ನೋಡಿ ಲೋಟ ಕೆಳಗಿಟ್ಟ.

"ಅಕ್ಕ, ಇದ್ನ ಹಿಂಗೇ ಹೊಡಿತಿದ್ದೀಯಾ?"

"ಹೂಂ. ಯಾಕೆ?"

"ಬುಡ ಮೇಲಾಗದಲ್ಲಾ."

ನನಗೆ ಅರ್ಥವಾಗಲಿಲ್ಲ. ಅವನು ಬಿಲ್ಲನ್ನು ಎತ್ತಿ ಬೆರಳಿನಿಂದ ತೋರಿಸಿದ. ಒಂದು ಕೊನೆಯಲ್ಲಿ ಗಿಣ್ಣುಗಳು ಒತ್ತೊತ್ತಾಗಿವೆ, ಬಿದಿರು ದಪ್ಪ. ಇನ್ನೊಂದು ಕೊನೆಗೆ ಹೋಗುತ್ತಾ ಗಿಣ್ಣಿನ ನಡುವೆ ಜಾಗ ಹೆಚ್ಚು, ಬಿದಿರು ತೆಳು. "ಬಿದ್ರು ಮೆಳೇಲಿ ಎಂಗ್ ನಿಂತಿತ್ತೋ ಕೈಯಲ್ಲೂ ಅಂಗೇ ನಿಲ್ಬೇಕು ಕಣಕ್ಕ. ಬುಡ ಕೆಳೀಕೆ, ತುದಿ ಮ್ಯಾಲಿಕೆ. ನಮ್ಮೂರಲ್ಲಿ ಹೊಲ ಕಾಯೋ ಕುರುಡುನ್ಗೂ ಗೊತ್ತು. ಬಿಲ್ಲಿನ ಕೆಳಗ್ಲು ಅರ್ಧ ಗಟ್ಟಿ ಇರ್ಲಿ ಅಂತ್ಲೇ ಅಂಗ್ ಕೆತ್ತೋದು. ನೀ ತಲೆಕೆಳ್ಗ್ ಮಾಡ್ಕಂಡು ಒದಿಸ್ಕತಿದ್ದೀಯ. ಎಂ.ಎ. ಓದೋರ್ಗೆ ಇದ ಹೇಳ್ಕೊಡಕಿಲ್ವಾ?"

"ಚರಿತ್ರೆಯಲ್ಲಿ ಬಿದಿರು ಬರಲ್ಲ," ಎಂದೆ.

ಅವನು ನಗುತ್ತಾ ಬಿಲ್ಲನ್ನು ತಿರುಗಿಸಿ, ಬುಡ ಕೆಳಗೆ ಮಾಡಿ, ಎಡಗೈಯಲ್ಲಿ ಹಿಡಿದು ಹೆದೆ ಎಳೆಯುವ ಹಾಗೆ ನಿಂತ. ನಿಂತವನ ನಗು ನಿಂತಿತು. ಕೆತ್ತಿದ ತಗ್ಗು ಈಗ ಬಲಪಕ್ಕಕ್ಕೆ ಬಂದಿತ್ತು. ಬಲಗೈಯಲ್ಲಿ ಎಳೆಯುವವನಿಗೆ ಅದು ಯಾವ ಉಪಯೋಗಕ್ಕೂ ಇಲ್ಲ. ಅವನು ಬಿಲ್ಲನ್ನು ಬಲಗೈಗೆ ಬದಲಾಯಿಸಿದ. ಈಗ ತಗ್ಗು ಬಾಣ ಕೂರುವ ಜಾಗಕ್ಕೇ ಸರಿಯಾಗಿ ಬಂತು.

"ಇದು ಎಡಚರ ಬಿಲ್ಲು ಕಣಕ್ಕ," ಎಂದ. "ಚಿಕ್ಕಪ್ಪ ಎಡಚನಾ?"

"ಅಲ್ಲ."

"ನಮ್ಮನೇಲಿ ಎಡಚರೇ ಇಲ್ವಲ್ಲ."

ಅವನು ಬಸ್ಸಿಗೆ ಹೋದ. ನಾನು ಬಿಲ್ಲನ್ನು ಗೋಡೆಗೆ ಆನಿಸಿ ಎದುರಿಗೆ ಕೂತೆ. ಹುಟ್ಟಬೇಕಾದ ಮಗು ಯಾವ ಕೈಯದಾಗುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಎಡಗೈಯ ಬಿಲ್ಲನ್ನು ಕೆತ್ತುವವನು ಒಬ್ಬರ ಎಡಗೈಯನ್ನು ಕಣ್ಣಾರೆ ನೋಡಿರಬೇಕು. ಅಮ್ಮ ಇರಬಹುದು. ಗಿಳಿ ಕಾಯಲು ಹಗಲು ಹೆಂಗಸರೂ ಹೊಲಕ್ಕೆ ಹೋಗುತ್ತಿದ್ದರು. ಇರುವ ಒಂದೇ ಫೋಟೋದಲ್ಲಿ ಅಮ್ಮ ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಾಳೆ. ಅಥವಾ ಆಗ ಮೂರು ದಾಟಿದ್ದ ಒಂದು ಹುಡುಗಿ, ದೊಡ್ಡವಳಾದ ಮೇಲೆ ಎಳೆಯಲಿ ಎಂದು.

ನನ್ನ ಎಡಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಅಂಗೈ, ಬೆರಳುಗಳ ಸಂದು, ಹಿಂಬದಿ, ಮಣಿಕಟ್ಟು. ದಿನಗಟ್ಟಲೆ ಬಟ್ಟೆ ಕಟ್ಟುವಷ್ಟು ಸುಟ್ಟ ಕೈಯಲ್ಲಿ ಎಲ್ಲೂ ಒಂದು ಕಲೆ ಇಲ್ಲ.

ಮರುದಿನ ಚರ್ಮ ಬಿಚ್ಚಿ ಬುಡದ ಕಡೆಗೆ ಸುತ್ತಿದೆ. ಹೆದೆಯ ಗುರುತಿನ ದಾರವನ್ನೂ ಹೊಸದಾಗಿ ಕಟ್ಟಿದೆ. ಬಲಗೈಯಲ್ಲಿ ಬಿಲ್ಲು, ಎಡಗೈಯಲ್ಲಿ ಹೆದೆ. ಮೊದಲ ವಾರ ಎಡಗೈ ಬೆರಳುಗಳಲ್ಲಿ ಬೊಬ್ಬೆ ಬಂದವು, ತೋಟದೊಳಕ್ಕೆ ಹೋದ ಎರಡು ಬಾಣಗಳನ್ನು ಹುಡುಕಿ ತಂದೆ. ಆದರೆ ಬಿಲ್ಲು ಒದೆಯಲಿಲ್ಲ. ಮೂರನೇ ವಾರವೋ ನಾಲ್ಕನೆಯದೋ, ಡೈರಿಯಲ್ಲಿದೆ, ನೋಡಲು ಏಳಬೇಕು ಅಷ್ಟೇ, ಬೋಳು ಬಾಣ ನಾಲ್ಕು ಗರಿಯ ಬಾಣಗಳ ಮಗ್ಗುಲಿಗೇ ಹೋಗಿ ನೆಟ್ಟಿತು. ಬಾಲ ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಐದು ಬಾಣಗಳನ್ನೂ ಒಂದೇ ಹಿಡಿಯಲ್ಲಿ ಕಿತ್ತುಕೊಂಡೆ. ಕಿಟಕಿಯ ಕಡೆ ನೋಡಿದೆ. ಅವತ್ತು ಮನೆಯ ಯಜಮಾನಿ ಊರಿನಲ್ಲಿರಲಿಲ್ಲ. ಯಂತ್ರವೂ ನಿಂತಿತ್ತು.

ಇದರಿಂದ ಏನು ಸಾಬೀತಾಯಿತು? ಅಭ್ಯಾಸ ಮಾಡಿದರೆ ಯಾವ ಕೈಯಾದರೂ ಕಲಿಯುತ್ತದೆ. ಸರಿಯಾಗಿ ಹಿಡಿದ ಬಿಲ್ಲು ಯಾರ ಕೈಯಲ್ಲಾದರೂ ಸರಿಯಾಗಿ ಹೊಡೆಯುತ್ತದೆ. ಸಾಕ್ಷಿಗೆ ನನ್ನ ಕೈಯನ್ನೇ ಕರೆದು, ಬೇಕಾದ ಉತ್ತರವನ್ನು ನಾನೇ ಹೇಳಿಸುತ್ತಿದ್ದೇನೇನೋ. ಆದರೆ ಅಪ್ಪನ ಕಾರ್ಡು ಮತ್ತೆ ಮತ್ತೆ ನೆನಪಾಯಿತು. ಬಿಲ್ಲನ್ನು ಯಾವ ಕೈಯಲ್ಲಿ ಹಿಡಿಯುತ್ತೀ? ನಾನು ಬಲಗೈಯಲ್ಲಿ ಎಂದು ಬರೆದಿದ್ದರೆ ಅವನು ಗೋಡೆಯಿಂದ ಬಿಲ್ಲನ್ನು ಇಳಿಸಿ ನನ್ನ ಕೈಗೆ ಕೊಡುತ್ತಿದ್ದನೇ? ಹತ್ತು ವರ್ಷ ಒಂದೇ ಮನೆಯಲ್ಲಿದ್ದು ಬಲಗೈಯಲ್ಲಿ ಉಣ್ಣುವುದನ್ನೂ ಬರೆಯುವುದನ್ನೂ ನೋಡಿ, ಇವಳ ಕೈ ಬದಲಾಗಿದೆ, ಇನ್ನು ಈ ಬಿಲ್ಲು ಇವಳಿಗಲ್ಲ ಎಂದು ಸುಮ್ಮನಾದನೇ? ಒಂದು ಮಾತು ಕೇಳಬಹುದಿತ್ತು. ನಾನೂ ಒಂದು ಮಾತು ಕೇಳಬಹುದಿತ್ತು. ನಮ್ಮ ಮನೆಯಲ್ಲಿ ಇಬ್ಬರಿಗೂ ಆ ಅಭ್ಯಾಸವಿರಲಿಲ್ಲ.

ಇನ್ನು ಗೊತ್ತಿರುವವಳು ಒಬ್ಬಳೇ. ಈ ವರ್ಷ, ಎರಡು ಸಾವಿರದ ನಾಲ್ಕರ ಜನವರಿಯಲ್ಲಿ, ಕೊಳ್ಳೇಗಾಲದಿಂದ ಹನೂರಿಗೆ, ಅಲ್ಲಿ ಬಸ್ಸು ಬದಲಾಯಿಸಿ ಹೂಗ್ಯಂಗೆ ಹೋದೆ. ಹನೂರಿನ ಬಸ್ ನಿಲ್ದಾಣದಲ್ಲಿ ಒಂದು ಗಂಟೆ ಕೂತು, ಹೇಗೆ ಕೇಳುವುದು ಎಂದು ಮನಸ್ಸಿನಲ್ಲೇ ನಾಲ್ಕು ಥರ ಹೇಳಿ ನೋಡಿಕೊಂಡೆ. ಆರೋಪದ ಹಾಗೆ ಕೇಳಬಾರದು. ಅಮ್ಮ ಇಲ್ಲದ ಮಗುವನ್ನು ಎತ್ತಿ ಸಾಕಿದವಳು. ಎಡಗೈಯಲ್ಲಿ ಉಣ್ಣುವ ಹೆಣ್ಣುಮಗುವನ್ನು ನಾಳೆ ಯಾರು ಮನೆ ತುಂಬಿಸಿಕೊಳ್ಳುತ್ತಾರೆ ಎಂದು ಹೆದರಿಕೆಯಿಂದಲೇ ಆ ಕೈಯನ್ನು ಕಟ್ಟಿಹಾಕಿರುತ್ತಾಳೆ, ಹಾಗೆ ಮಾಡಿದ್ದರೆ.

ದೊಡ್ಡವ್ವ ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕಣ್ಣು ಮಂಜಾಗಿದೆ, ಕಿವಿ ಚುರುಕಾಗಿದೆ.

"ಯಾರ್ಲಾ ಅದು?"

"ನಾನು ದೊಡ್ಡವ್ವ."

"ಬಾ ಕೂಸೆ. ಕಾಲೇಜ್ಗೆ ರಜವಾ? ಒಣೀಕಂಡೋಗಿದ್ದೀಯ. ಒಬ್ಬಳ್ಗೇ ಅಂತ ಒಲೆ ಹಚ್ಚಕಿಲ್ಲ, ನಂಗೊತ್ತು."

ಪಕ್ಕದಲ್ಲಿ ಕೂತು ನಾನೂ ಸುಲಿಯತೊಡಗಿದೆ. ಬಸ್ಸಿನ ಸುದ್ದಿ, ಆನೆ ಬಂದು ಬಾಳೆ ತುಳಿದ ಸುದ್ದಿ, ಮಗನ ಕಾಗದ ಬಂದ ಸುದ್ದಿ ಆಯಿತು. ಮಾತು ನಿಂತಾಗ ನೋಡಿದರೆ, ಕಾಯನ್ನು ಬಲಗೈಯಲ್ಲಿ ಹಿಡಿದು ಎಡಗೈ ಹೆಬ್ಬೆರಳಿನಿಂದ ಸೀಳುತ್ತಿದ್ದೆ. ಮೊದಲಿನಿಂದಲೂ ಹೀಗೇ ಸುಲಿಯುತ್ತಿದ್ದೆನೋ, ಈಚೆಗೆ ಹೆದೆ ಎಳೆದು ಎಳೆದು ಹೀಗಾಯಿತೋ, ಹೇಳಲಾರೆ. ದೊಡ್ಡವ್ವನ ಕೈ ನಿಂತಿತ್ತು. ಅವಳ ಮಂಜು ಕಣ್ಣು ನನ್ನ ಎಡಗೈಯ ಮೇಲಿತ್ತು ಎಂದು ನನಗೆ ಅನ್ನಿಸಿತು. ಅಷ್ಟು ದೂರಕ್ಕೆ ಅವಳಿಗೆ ಕಾಣುತ್ತದೋ ಇಲ್ಲವೋ.

ಆಗ ಕೇಳಿಬಿಟ್ಟೆ. ಹನೂರಿನಲ್ಲಿ ಕಟ್ಟಿಕೊಂಡ ನಾಲ್ಕು ಥರದಲ್ಲಿ ಒಂದೂ ಬಾಯಿಗೆ ಬರಲಿಲ್ಲ.

ದೊಡ್ಡವ್ವ ಮೊರದಲ್ಲಿದ್ದ ಕಾಳನ್ನು ಒಂದು ಬದಿಗೆ ಸರಿಸಿದಳು, ಮತ್ತೆ ಇನ್ನೊಂದು ಬದಿಗೆ ಸರಿಸಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳ ಕಣ್ಣಿಂದ ಈಗ ಯಾವಾಗಲೂ ನೀರು ಬರುತ್ತದೆ, ಅದಕ್ಕೆ ಅರ್ಥ ಹಚ್ಚಲಾರೆ. "ಕೊನೇ ಬಸ್ಸು ಎಷ್ಟೊತ್ಗೆ? ಉಣ್ಕಂಡೇ ಓಗು," ಎಂದು ಎದ್ದು ಒಳಗೆ ಹೋದಳು. ತಟ್ಟೆ ಇಟ್ಟಳು, ಮುದ್ದೆ ಇಟ್ಟಳು, ಅವರೆಕಾಳಿನ ಸಾರು ಬಡಿಸಿದಳು. ನಾನು ಬಲಗೈಯಲ್ಲಿ ಉಂಡೆ. ಹೊರಡುವಾಗ ಒಂದು ಸೇರು ಕಾಳನ್ನು ಗಂಟು ಕಟ್ಟಿ ಕೊಟ್ಟಳು.

ಆಮೇಲೆ ಎರಡು ಸಲ ಹೋಗಿ ಬಂದಿದ್ದೇನೆ. ಅವಳಾಗಿ ಆ ಮಾತೆತ್ತಲಿಲ್ಲ, ನಾನು ಮತ್ತೆ ಕೇಳಲಿಲ್ಲ. ಕೇಳಿದ ಮಾತನ್ನು ಮಾತ್ರ ಅವತ್ತೇ ವಾಪಸು ಬರುವ ಬಸ್ಸಿನಲ್ಲಿ ಡೈರಿಗೆ ಬರೆದುಕೊಂಡೆ, ಅಕ್ಷರ ಕುಲುಕಾಡಿವೆ. ಉಳಿದದ್ದು ಎಷ್ಟು ತಪ್ಪಿದ್ದರೂ ಇದು ತಪ್ಪಿರಲಾರದು:

"ದೊಡ್ಡವ್ವ, ನನ್ನ ಕೈ ಸುಟ್ಟಿರಲಿಲ್ಲ ಅಲ್ವಾ? ಆ ಬಿಲ್ಲನ್ನ ಅಪ್ಪ ನಂಗೇ ಅಂತ ಮಾಡಿದ್ದಾ?"